ಎಲೆಗೆ ಅಡ್ಡ ಹಿಡಿದ ಕೈ

ಇಂದುಮತಿ ಟೀಚರ್ ಯಾವುದಕ್ಕೂ ಬೇಡ ಅನ್ನದೆ ವರ್ಷದ ಮೇಲಾಯಿತು ಎಂಬುದನ್ನು ಮೊದಲು ಗಮನಿಸಿದವರು ಅವರ ಗಂಡ ನಾಗಭೂಷಣ. ಗಮನಿಸಿದ್ದೂ ಸಂತೋಷದಿಂದಲೇ.

"ನಿಮ್ಮಕ್ಕ ಎಷ್ಟು ಸಾಧು ಆಗ್ಬಿಟ್ಟಿದಾಳೆ ನೋಡು ಶಾಂಭವಿ," ಎಂದರು, ಹೆಂಡತಿಯ ಗಲ್ಲಕ್ಕೆ ಇಳಿದಿದ್ದ ಪಾಯಸವನ್ನು ಟವೆಲಿನಲ್ಲಿ ಒರೆಸುತ್ತ. "ಮುಂಚೆ ಒಂದು ಲೋಟ ಕಾಫಿ ಕೊಟ್ರೂ ಅದ್ರಲ್ಲಿ ಹತ್ತು ತಪ್ಪು ಹುಡುಕ್ತಿದ್ಲು. ಈಗ ಏನು ಕೊಟ್ರೂ ಆಯ್ತು, ಏನು ಕೇಳಿದ್ರೂ ಆಗಲಿ. ಒಂದೇ ಒಂದು ಸಲ ಬೇಡ ಅಂದಿಲ್ಲ. ಕಾಯಿಲೆ ಮನುಷ್ಯರನ್ನ ಮಾಗಿಸುತ್ತೆ ಅಂತಾರಲ್ಲ, ಸುಳ್ಳಲ್ಲ."

ಮಂಚದ ತಲೆದೆಸೆಯ ಸ್ಟೂಲಿನ ಮೇಲಿದ್ದ ಕಪ್ಪು ಪೆಟ್ಟಿಗೆ, "ಇನ್ನೊಂಚೂರು ಹಾಕಿ" ಎಂದಿತು. ಧ್ವನಿ ಇಂದುಮತಿಯದೇ. ನಾಗಭೂಷಣ ಹಿಗ್ಗಿಹೋಗಿ ಮತ್ತೆ ಬಟ್ಟಲಿಗೆ ಚಮಚ ಅದ್ದಿದರು. ಶಾಲೆಯ ಎದುರಿನ ತಮ್ಮ ಪುಸ್ತಕದಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಬಂದು, ಶ್ಯಾವಿಗೆಯನ್ನು ತುಪ್ಪದಲ್ಲಿ ಹುರಿದು, ಯಾಲಕ್ಕಿ ಕುಟ್ಟಿ, ಪಾಯಸವನ್ನು ಅವರೇ ಮಾಡಿದ್ದರು.

ಶಾಂಭವಿಯೂ ನಕ್ಕಳು. ಆದರೆ ನಗು ಅರ್ಧಕ್ಕೇ ನಿಂತಿತು. ಅಕ್ಕನಿಗೆ ಶ್ಯಾವಿಗೆ ಪಾಯಸ ಕಂಡರೆ ಆಗುತ್ತಿರಲಿಲ್ಲ.

ಆಗುತ್ತಿರಲಿಲ್ಲ ಎಂದರೆ ಸಾಮಾನ್ಯವಾಗಿ ಅಲ್ಲ. ಚಿಕ್ಕಂದಿನಲ್ಲಿ ಹಬ್ಬದ ಪಂಕ್ತಿಯಲ್ಲಿ ಪಾಯಸದ ಪಾತ್ರೆ ಬಂತೆಂದರೆ ಇಂದುಮತಿ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿಯುತ್ತಿದ್ದಳು. ಬಡಿಸುವವರು ಬಿಡುತ್ತಾರೆಯೇ? ನಮ್ಮಲ್ಲಿ ಊಟಕ್ಕೆ ಕೂತವರು ಬೇಡ ಅನ್ನಬೇಕು, ಬಡಿಸುವವರು ಹಾಕಬೇಕು. ಹಾಗಾಗದಿದ್ದರೆ ಎರಡೂ ಕಡೆಯವರಿಗೆ ಅವಮಾನ. ಒಂದು ಸಲ ದೊಡ್ಡಮ್ಮ, "ಸುಮ್ನಿರೇ, ಒಂದು ಸೌಟು," ಎಂದು ನಗುನಗುತ್ತ ಆ ಪುಟ್ಟ ಬೆರಳುಗಳ ಮೇಲೇ ಬಿಸಿ ಪಾಯಸ ಸುರಿದಿದ್ದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಇಂದುಮತಿ ಅಳಲಿಲ್ಲ. ಎದ್ದು ಹೋಗಿ ಕೈತೊಳೆದುಕೊಂಡು, "ನಾನು ಬೇಡ ಅಂದಿದ್ದೆ" ಎಂದಳು. ಅವತ್ತು ಅವಳು ಊಟಕ್ಕೆ ವಾಪಸು ಬರಲಿಲ್ಲ.

ದೊಡ್ಡವಳಾಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದಾಗಲೂ ಅದೇ ಸ್ವಭಾವ. ಕಡ್ಡಿ ಮುರಿದ ಹಾಗೆ ಮಾತು. ಹುಡುಗರು ಬೋರ್ಡಿನ ಮೇಲೆ ಲೆಕ್ಕ ಮಾಡಿದರೆ ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. "ತಪ್ಪು. ಅಳಿಸು. ಮತ್ತೆ ಮಾಡು," ಅಷ್ಟೇ. ತುಮಕೂರಿನಲ್ಲಿ ಅವಳ ಶಿಷ್ಯರು ಇಂದಿಗೂ ಒಬ್ಬರನ್ನೊಬ್ಬರು ರೇಗಿಸುವುದು ಆ ಮಾತಿನಿಂದಲೇ.

ಕಾಯಿಲೆಯಲ್ಲಿ ನಾಲಿಗೆ ಬದಲಾಗಿರಬಹುದು ಎಂದು ಶಾಂಭವಿ ತನಗೆ ತಾನೇ ಹೇಳಿಕೊಂಡಳು. ಸ್ಕೂಟರ್ ಹತ್ತಿ ತಾನು ಕೆಲಸ ಮಾಡುವ ಮೆದುಳು ಸಂಶೋಧನಾ ಕೇಂದ್ರದ ದಾರಿ ಹಿಡಿದಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಗುರುವಾರ ಅಕ್ಕನಿಗೆ ಬಲಗೈ ಆಡಿಸುವ ಪ್ರಯೋಗದ ಮೂರನೇ ಆಪರೇಷನ್ ಇತ್ತು.

ಶಾಂಭವಿ ನರ ಎಂಜಿನಿಯರ್. "ಮನೆಗೆ ವೈರಿಂಗ್ ಮಾಡೋರಿದಾರಲ್ಲ, ನಮ್ಮ ನಾದಿನಿ ತಲೆಗೆ ಮಾಡ್ತಾಳೆ," ಎಂದು ನಾಗಭೂಷಣ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಆ ಮಾತು ಪೂರ್ತಿ ತಮಾಷೆಯೇನಲ್ಲ. ಮಾತಾಡಬೇಕು ಅಂದುಕೊಂಡಾಗ ಮೆದುಳಿನ ಒಂದು ಭಾಗದ ನರಕೋಶಗಳು ಮಿಡಿಯುತ್ತವೆ. ನಾಲಿಗೆಗೆ ಹೋಗುವ ದಾರಿ ಕಡಿದುಹೋದರೂ ಆ ಮಿಡಿತ ನಿಲ್ಲುವುದಿಲ್ಲ. ಉಗುರಿನಷ್ಟಗಲದ ಚಿಪ್ ಅದನ್ನು ಹಿಡಿದು ಪೆಟ್ಟಿಗೆಗೆ ಕಳಿಸುತ್ತದೆ, ಪೆಟ್ಟಿಗೆ ಅದನ್ನು ಮಾತಾಗಿ ನುಡಿಯುತ್ತದೆ. ಕೇಂದ್ರದಲ್ಲಿ ಅದಕ್ಕೆ ಸೊಲ್ಲು ಎಂದು ಹೆಸರಿಟ್ಟಿದ್ದರು.

ಇಂದುಮತಿ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗಲೇ ಕುಸಿದುಬಿದ್ದಿದ್ದಳು. ಮೆದುಳಿನ ಬುಡದಲ್ಲಿ ರಕ್ತನಾಳ ಕಟ್ಟಿಕೊಂಡಿತ್ತು. ಎಚ್ಚರವಾದಾಗ ಬುದ್ಧಿ, ನೆನಪು, ಕಿವಿ, ಕಣ್ಣು ಎಲ್ಲ ಸರಿಯಿದ್ದವು. ಆದರೆ ಕಣ್ಣುರೆಪ್ಪೆ ಸಹ ಅವಳ ಮಾತು ಕೇಳುತ್ತಿರಲಿಲ್ಲ. ಬಾಯಿಗೆ ಹಾಕಿದ್ದನ್ನು ಗಂಟಲು ತಾನಾಗಿ ನುಂಗುತ್ತಿತ್ತು, ಅದಕ್ಕೆ ಅವಳ ಒಪ್ಪಿಗೆ ಬೇಕಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ಆ ಬಾಯನ್ನೇ ಅಕ್ಕನಿಗೆ ಮಾಡಿಕೊಡುತ್ತೇನೆ ಎಂದು ಶಾಂಭವಿ ಹಟ ಹಿಡಿದಳು, ಮಾಡಿಯೂ ಕೊಟ್ಟಳು. ಮನೆಯಿಂದಲೇ ಪಾಠ ಮಾಡುತ್ತಿದ್ದ ಕಾಲದಲ್ಲಿ ಅಕ್ಕ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ತ್ರಿಕೋನಗಳ ಪಾಠದಿಂದ ಅವಳ ಧ್ವನಿಯನ್ನೇ ಪೆಟ್ಟಿಗೆಗೆ ತುಂಬಿಸಿದ್ದಳು. ಪೆಟ್ಟಿಗೆ ಮೊದಲ ಸಲ "ರೀ" ಎಂದ ದಿನ ನಾಗಭೂಷಣ ಗೋಡೆಗೆ ಮುಖ ಮಾಡಿ ಅತ್ತಿದ್ದರು.

ಆದರೆ ಸೊಲ್ಲಿಗೆ ಮಾತು ಕಲಿಸುವುದು ಸುಲಭವಾಗಿರಲಿಲ್ಲ. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ದಿನ ತಲೆಯೊಳಗೆ ತಂತಿ ಇಟ್ಟುಕೊಂಡು ವಾರ್ಡಿನಲ್ಲಿ ಮಲಗುವ ರೋಗಿಗಳಿರುತ್ತಾರೆ. ಅವರಿಗೆ ಮಾತು ಬರುತ್ತದೆ. ಅವರ ಒಪ್ಪಿಗೆ ಪಡೆದು, ಆಡಿದ ಮಾತು ಮತ್ತು ಮೆದುಳಿನ ಮಿಡಿತ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಂತ್ರಕ್ಕೆ ಪಾಠ ಹೇಳಿಕೊಡುತ್ತಿದ್ದರು. ರೋಗಿಗಳು ಬಾಯಿತುಂಬ ಮಾತಾಡುತ್ತಿದ್ದದ್ದು ಮನೆಯವರು ಟಿಫನ್ ಕ್ಯಾರಿಯರ್ ಹಿಡಿದು ಬಂದಾಗ. ಹಾಗಾಗಿ ಪಾಠದ ಮುಕ್ಕಾಲು ಪಾಲು ಊಟದ ಹೊತ್ತಿನದು.

ಮೊದಲ ಸೊಲ್ಲು ಅಂದುಕೊಂಡದ್ದನ್ನು ಇದ್ದ ಹಾಗೇ ನುಡಿಯುತ್ತಿತ್ತು. ಅದನ್ನು ಹಾಕಿಸಿಕೊಂಡ ಹಾಸನದ ಹಿರಿಯರೊಬ್ಬರು ನರ್ಸು ಊಟ ತಂದಾಗಲೆಲ್ಲ ಮರ್ಯಾದೆಗೆ "ಬೇಡಮ್ಮ" ಎನ್ನುತ್ತಿದ್ದರು. ಕೇರಳದಿಂದ ಬಂದಿದ್ದ ಹೊಸ ನರ್ಸು ಹೇಳಿದ್ದನ್ನು ನಂಬಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಪಾಪ, ಅವರು ಹಸಿದುಕೊಂಡೇ ಮಲಗಿದರು. ಕೇಂದ್ರದಲ್ಲಿ ಎಲ್ಲರೂ ಈ ಕಥೆ ಹೇಳಿಕೊಂಡು ನಕ್ಕರು. ಆಗ ಶಾಂಭವಿಗೆ ಒಂದು ಉಪಾಯ ಹೊಳೆಯಿತು. ಮೆದುಳಿನಲ್ಲಿ ನೆಮ್ಮದಿ ಮೂಡುವ ಜಾಗವೊಂದಿದೆ. ಅಲ್ಲಿಗೊಂದು ಎರಡನೇ ಚಿಪ್ ಇಟ್ಟರೆ ಬಾಯಿ ಬೇಡ ಎಂದಾಗ ಮನಸ್ಸು ಏನನ್ನುತ್ತಿದೆ ಎಂದು ತಿಳಿಯುತ್ತದೆ. ವಾರ್ಡಿನ ಪಾಠವನ್ನು ತೆಗೆದು ನೋಡಿದರೆ ಅಲ್ಲೂ ಅದೇ ಕಥೆ. ರೋಗಿ ಬೇಡ ಎನ್ನುತ್ತಾನೆ, ತಾಯಿ ಒತ್ತಾಯ ಮಾಡುತ್ತಾಳೆ, ರೋಗಿ ತಿನ್ನುತ್ತಾನೆ, ನೆಮ್ಮದಿಯ ಗೆರೆ ಮೇಲೇರುತ್ತದೆ. ಅಂದರೆ ಅವನಿಗೆ ಬೇಕಾಗಿತ್ತು! ಅಂಥ ಬೇಡವನ್ನು ಸೋಸಿ ತೆಗೆದು, ಅದರ ಕೆಳಗಿರುವ ಒಪ್ಪಿಗೆಯನ್ನು ನುಡಿಯುವಂತೆ ಅವಳು ಯಂತ್ರವನ್ನು ತಿದ್ದಿದಳು. ಆ ಭಾಗಕ್ಕೆ ಉಪಚಾರದ ಜರಡಿ ಎಂದು ಹೆಸರು ಬಿತ್ತು. ಇಂದುಮತಿಯ ಪೆಟ್ಟಿಗೆ ಮನೆಗೆ ಬಂದದ್ದೇ ಆ ಜರಡಿಯ ಸಮೇತ. "ನಮ್ಮ ಜನದ ಮನಸ್ಸು ನಮ್ಮ ಎಂಜಿನಿಯರಿಗೇ ಗೊತ್ತಾಗ್ಬೇಕು ನೋಡಿ," ಎಂದು ನಿರ್ದೇಶಕ ಶ್ರೀಧರಮೂರ್ತಿ ಸಭೆಯಲ್ಲಿ ಬೆನ್ನು ತಟ್ಟಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಶಾಂಭವಿಗೆ ತಾನು ಮಾಡಿದ ಎಲ್ಲಕ್ಕಿಂತ ಆ ಜರಡಿಯ ಮೇಲೇ ಹೆಚ್ಚು ಅಭಿಮಾನವಿತ್ತು.

ಈಗ ನಿಯಂತ್ರಣ ಕೊಠಡಿಯಲ್ಲಿ ಕೂತು ಅವಳು ಅಕ್ಕನ ಮಿಡಿತಗಳನ್ನು ತೆರೆದಳು. ಯಂತ್ರ ಕಲಿಯುತ್ತಲೇ ಇರಬೇಕಾದ್ದರಿಂದ ಎಲ್ಲ ರೋಗಿಗಳ ಮಿಡಿತವೂ ಅಲ್ಲಿ ಶೇಖರವಾಗುತ್ತಿತ್ತು. ಜರಡಿ ತೆಗೆದುಹಾಕಿ, ಪೆಟ್ಟಿಗೆ ಮನೆಗೆ ಬಂದ ಮೊದಲ ವಾರದಿಂದ ನುಡಿಸಲು ಹೇಳಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

"ಪಾಯಸ ಬೇಡ," ಎಂದಳು ಅಕ್ಕ.

ಶಾಂಭವಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಬೇಡ ರೀ. ಬೇಡ ಅಂದೆ. ನಾನು ಹಾಕಿ ಅನ್ನಲಿಲ್ಲ. ಅದು ನಾನಲ್ಲ." ಸ್ವಲ್ಪ ಹೊತ್ತು ಬಿಟ್ಟು, "ತಪ್ಪು. ಅಳಿಸು. ಮತ್ತೆ ಮಾಡು."

ಅಕ್ಕ ಯಂತ್ರಕ್ಕೆ ಪಾಠ ಹೇಳುತ್ತಿದ್ದಳು. ದಡ್ಡ ಹುಡುಗನೊಬ್ಬನಿಗೆ ಹೇಳಿಕೊಡುವ ತಾಳ್ಮೆಯಿಂದ, ಒಂದೊಂದೇ ಮಾತನ್ನು ಬಿಡಿಸಿ, ಮತ್ತೆ ಮತ್ತೆ. ಪ್ರತಿ ಸಲವೂ ತನ್ನದೇ ಧ್ವನಿ ತನ್ನ ಕಿವಿಯ ಪಕ್ಕದಲ್ಲೇ "ಆಯ್ತು", "ಆಗಲಿ", "ನಿಮ್ಮಿಷ್ಟ" ಎನ್ನುವುದನ್ನು ಕೇಳಿಸಿಕೊಂಡಿದ್ದಳು. ಶಾಂಭವಿ ಮುಂದೆ ಮುಂದೆ ಹೋದಳು. ಮೊದಲ ಆಪರೇಷನ್ನಿನ ಹಿಂದಿನ ದಿನ ಬಂತು. ಬಲಗೈ ಆಡುವಂತೆ ಮಾಡಲು ಕತ್ತಿನ ಬೆನ್ನುಹುರಿಗೆ ವಿದ್ಯುತ್ ಕೊಡುವ ಪ್ರಯೋಗ ಅದು. ಡಾಕ್ಟರುಗಳ ಎದುರು, ಕ್ಯಾಮೆರಾದ ಎದುರು, ಶಾಂಭವಿಯೇ ಕೇಳಿದ್ದಳು, "ಅಕ್ಕ, ಆಪರೇಷನ್ ಮಾಡ್ಲಾ?" ಪೆಟ್ಟಿಗೆ "ಆಗಲಿ" ಎಂದಿತ್ತು.

"ಬೇಡ," ಎಂದಳು ಹೆಡ್‌ಫೋನಿನೊಳಗಿನ ಅಕ್ಕ. "ಶಂಭು, ಬೇಡ. ನನ್ನ ಮುಖ ನೋಡು. ಪೆಟ್ಟಿಗೆ ನೋಡ್ಬೇಡ."

ಆಮೇಲೆ ಹದಿನೈದು ದಿನಕ್ಕೊಮ್ಮೆ ವಿದ್ಯುತ್ತಿನ ಪ್ರಮಾಣ ಏರಿಸುವಾಗ. "ನೋವಾಗ್ತಿದೆಯಾ ಅಕ್ಕ?" ಎಂದು ತಾನು ಕೇಳಿದ್ದು ಶಾಂಭವಿಗೆ ನೆನಪಿತ್ತು. "ಪರವಾಗಿಲ್ಲ" ಎಂದು ಪೆಟ್ಟಿಗೆ ಹೇಳಿದ್ದೂ ನೆನಪಿತ್ತು. ಈಗ ಕೇಳಿಸಿದ್ದು ಒಂದೇ ಮಾತು, ನೋವು, ನೋವು, ನೋವು. ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

ಮುಖ ತೊಳೆದು ಬಂದು ಕೂತಾಗ ತಪ್ಪು ಎಲ್ಲಿದೆ ಎಂಬುದು ಸ್ಪಷ್ಟವಾಗಿ ಕಂಡಿತು. ವಾರ್ಡಿನಲ್ಲಿ ಬೇಡಬೇಡವೆಂದು ತಿಂದವರ ಮೆದುಳಿನಲ್ಲಿ ಏರಿದ ಗೆರೆ ತಿಂದದ್ದರ ತೃಪ್ತಿಯದಾಗಿರಲೇಬೇಕೆಂದಿಲ್ಲ. ಅಮ್ಮನ ಒತ್ತಾಯ ನಿಂತಿತಲ್ಲ ಎಂಬ ನಿರಾಳವೂ ಅದೇ ಜಾಗದಲ್ಲಿ, ಅದೇ ಗೆರೆಯಲ್ಲಿ ಏರುತ್ತದೆ. ಇವೆರಡನ್ನೂ ಬೇರೆ ಮಾಡಿ ನೋಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ, ಕೇಂದ್ರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಂಕ್ತಿಯಲ್ಲಿ ಕೂತು ನಕ್ಕವರಲ್ಲಿ ಅವಳೂ ಒಬ್ಬಳು.

ಮತ್ತೆ ಹೆಡ್‌ಫೋನ್ ಹಾಕಿಕೊಂಡು ಈಚಿನ ತಿಂಗಳುಗಳಿಗೆ ಬಂದಳು. ಅಲ್ಲಿ ಬೇಡ ಎಂಬುದು ಅಪರೂಪವಾಗುತ್ತ ಹೋಗಿತ್ತು. ಎರಡನೇ ಆಪರೇಷನ್ನಿಗೆ ಒಮ್ಮೆ ಮೆಲ್ಲಗೆ. ಯುಗಾದಿಗೆ ಅರ್ಧ ಮಾತು. ಆಮೇಲೆ ಇಲ್ಲ. ಅಕ್ಕ ದಣಿದಿರಬೇಕು ಎಂದುಕೊಂಡಳು ಶಾಂಭವಿ. ಪಾಪ, ಎಷ್ಟೂಂತ ಕೂಗುತ್ತಾಳೆ. ಜರಡಿ ತೆಗೆದರೆ ಮತ್ತೆ ಮಾತಾಡುತ್ತಾಳೆ.

ಶ್ರೀಧರಮೂರ್ತಿ ಕೆಟ್ಟವರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಎಷ್ಟು ಮನೇಲಿ ಸೊಲ್ಲು ಇದೆ ಗೊತ್ತಲ್ಲ ಶಾಂಭವಿ ನಿಮಗೆ? ಪ್ರತಿ ಮನೆಗೂ ಹೋಗಿ ಏನಂತ ಹೇಳೋದು? ಆಪರೇಷನ್ನಿಗೆ ಒಪ್ಪಿದ್ದು ನಿಮ್ಮಪ್ಪ ಅಲ್ಲ, ಮನೆ ಮಾರೋದಕ್ಕೆ ಹೂಂ ಅಂದಿದ್ದು ನಿಮ್ಮಮ್ಮ ಅಲ್ಲ, ಅದು ನಮ್ಮ ಪೆಟ್ಟಿಗೆ ಅಂತಾನಾ?"

"ಹೌದು ಸಾರ್. ಹಾಗೇ ಹೇಳ್ಬೇಕು."

"ನಾಳೆಯಿಂದ ಅವರ ಒಂದು ಮಾತನ್ನೂ ಯಾರೂ ನಂಬೋದಿಲ್ಲ. ಇರೋ ಬಾಯನ್ನೂ ಮುಚ್ಚಿಸಿದ ಹಾಗಾಗುತ್ತೆ."

"ಅದು ಅವರ ಬಾಯಲ್ಲ ಸಾರ್."

ಶ್ರೀಧರಮೂರ್ತಿ ಕನ್ನಡಕ ಮತ್ತೆ ಹಾಕಿಕೊಂಡರು. "ಒಂದು ಕೆಲಸ ಮಾಡಿ," ಎಂದರು. "ಹಳೇ ಮಿಡಿತ ಇಟ್ಕೊಂಡು ಇಷ್ಟು ದೊಡ್ಡ ತೀರ್ಮಾನ ನನ್ನಿಂದ ಆಗೋಲ್ಲ. ಜರಡಿ ತೆಗೆದುಹಾಕಿ ನಿಮ್ಮಕ್ಕನ್ನೇ ಕೇಳಿ. ಅವರ ಬಾಯಿಂದ ಬೇಡ ಅಂತ ಒಂದು ಸಲ ಬರಲಿ. ಗುರುವಾರದ ಆಪರೇಷನ್ ಆ ಕ್ಷಣವೇ ನಿಲ್ಲಿಸ್ತೀನಿ. ಎಲ್ಲ ಮನೆಗೂ ನಾನೇ ಪತ್ರ ಬರೀತೀನಿ. ಆದ್ರೆ ಆಗಲಿ ಅಂದ್ರೆ?"

"ಅನ್ನೋದಿಲ್ಲ ಸಾರ್. ನಮ್ಮಕ್ಕ ನನಗೆ ಗೊತ್ತು," ಎಂದಳು ಶಾಂಭವಿ.

ಮರುದಿನ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಹಿಡಿದು ಅಕ್ಕನ ಮನೆಗೆ ಬಂದಳು. ನಾಗಭೂಷಣರನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. ಅವರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಗಬಾರದಿತ್ತು ಎನ್ನಿಸುವಷ್ಟು ಅರ್ಥವಾಯಿತು. ಒಲೆಯ ಕಟ್ಟೆ ಹಿಡಿದು ನಿಂತರು.

"ಪಾಯಸ?" ಎಂದು ಕೇಳಿದರು.

ಶಾಂಭವಿ ಹೌದೆಂದು ತಲೆಯಾಡಿಸಿದಳು.

"ಪ್ರತಿ ವಾರ ಮಾಡ್ತಿದ್ನಲ್ಲಮ್ಮ. ಇಷ್ಟ ಅಂತ ಮಾಡ್ತಿದ್ದೆ. ಮದುವೆಯಾದಾಗಿಂದ ಮುಟ್ಟಿದೋಳಲ್ಲ, ಈಗ ಕೇಳಿ ಕೇಳಿ ಹಾಕಿಸ್ಕೊತಾಳೆ ಅಂತ ನನಗೆಷ್ಟು ಖುಷಿ." ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. "ನಾನೇ ಚಮಚದಲ್ಲಿ ತುರುಕ್ತಿದ್ನಲ್ಲೇ."

"ತಪ್ಪು ನಿಮ್ದಲ್ಲ ಭಾವ, ನಂದು."

ಇಬ್ಬರೂ ಮಂಚದ ಬಳಿ ಬಂದರು. ಅಕ್ಕ ಎಂದಿನಂತೆ ಸೂರಿನ ಕಡೆ ನೋಡುತ್ತ ಮಲಗಿದ್ದಳು. ಶಾಂಭವಿ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಜರಡಿಯನ್ನು ತೆಗೆದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಎರಡು ಗೆರೆಗಳು ಹರಿಯತೊಡಗಿದವು. ಮೇಲಿನದು ನಿರಾಕರಣೆಯ ಗೆರೆ, ಮನಸ್ಸು ಬೇಡ ಅಂದಾಗ ಕಡಿದಾಗಿ ಏಳುವಂಥದ್ದು. ಕೆಳಗಿನದು ನೆಮ್ಮದಿ, ನಿರಾಳಗಳದ್ದು. ಅವಳು ಮಂಡಿಯೂರಿ ಕೂತು ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕ, ನೀನು ಅಂದಿದ್ದೆಲ್ಲ ನಿನ್ನೆ ಕೇಳಿಸ್ಕೊಂಡೆ. ಪೆಟ್ಟಿಗೆ ಸುಳ್ಳು ಹೇಳ್ತಿತ್ತು. ಹಾಗೆ ಮಾಡಿದೋಳು ನಾನೇ. ಈಗ ಸರಿಮಾಡಿದೀನಿ. ಇನ್ಮೇಲೆ ನೀನು ಅಂದಿದ್ದೇ ಬರುತ್ತೆ. ನನ್ನ ಬೈಯಿ ಅಕ್ಕ, ಏನು ಬೇಕಾದ್ರೂ ಅನ್ನು."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಪರವಾಗಿಲ್ಲ," ಎಂದಿತು ಪೆಟ್ಟಿಗೆ.

ಶಾಂಭವಿ ಪರದೆ ನೋಡಿದಳು. ಜರಡಿ ಇರಲಿಲ್ಲ. ಮತ್ತೊಮ್ಮೆ ಪರೀಕ್ಷಿಸಿದಳು. ನಿಜಕ್ಕೂ ಇರಲಿಲ್ಲ.

"ಗುರುವಾರ ಇನ್ನೊಂದು ಆಪರೇಷನ್ ಇದೆ ಅಕ್ಕ. ನಿನಗಿಷ್ಟ ಇಲ್ದಿದ್ರೆ ಬೇಡ. ಮಾಡ್ಲಾ?"

"ಆಗಲಿ."

ಮೇಲಿನ ಗೆರೆ ಅಲುಗಲೇ ಇಲ್ಲ. ಕೆರೆಯ ನೀರಿನಂತೆ ಮಲಗಿತ್ತು.

ಆಗ ಅವಳಿಗೆ ಗೊತ್ತಾಯಿತು. ಕೇಂದ್ರಕ್ಕೆ ಸೇರುವ ಹೊಸಬರಿಗೆಲ್ಲ ಮೊದಲ ದಿನ ಅವಳೇ ಹೇಳಿಕೊಡುತ್ತಿದ್ದ ಪಾಠವದು: ಮೆದುಳು ಮತ್ತು ಯಂತ್ರ ಎರಡೂ ಕಲಿಯುತ್ತವೆ, ಯಂತ್ರ ಅರ್ಧ ದಾರಿ ಬಂದರೆ ಮೆದುಳು ಅರ್ಧ ದಾರಿ ಬರುತ್ತದೆ. ಯಾವ ಮಿಡಿತದಿಂದ ಪೆಟ್ಟಿಗೆ ನುಡಿಯುತ್ತದೋ ಆ ಮಿಡಿತವನ್ನು ಮೆದುಳು ಬೆಳೆಸಿಕೊಳ್ಳುತ್ತದೆ, ಫಲ ಕೊಡದ್ದನ್ನು ಬಿಡುತ್ತದೆ. ಅಕ್ಕನ ಬೇಡ ಎಂಬುದಕ್ಕೆ ಇಷ್ಟು ದಿನ ಯಾವ ಫಲವೂ ಸಿಕ್ಕಿರಲಿಲ್ಲ. ಅಕ್ಕ ದಣಿದಿರಲಿಲ್ಲ, ಕಲಿತುಬಿಟ್ಟಿದ್ದಳು. ಯಾವತ್ತೂ ಒಳ್ಳೆಯ ವಿದ್ಯಾರ್ಥಿನಿ ಅವಳು.

"ಅಲ್ಲ ಅಕ್ಕ," ಎಂದಳು ಶಾಂಭವಿ. "ನೀನು ಅವತ್ತು ಬೇಡ ಅಂದಿದ್ದೆ. ನನ್ನ ಮುಖ ನೋಡು ಅಂದಿದ್ದೆ. ನೋಡು, ಈಗ ನಿನ್ನ ಮುಖಾನೇ ನೋಡ್ತಿದೀನಿ. ನೋವಾಗುತ್ತಲ್ವಾ ನಿನಗೆ?"

"ಪರವಾಗಿಲ್ಲ ಶಂಭು."

ನಾಗಭೂಷಣ ಅಡುಗೆಮನೆಗೆ ಓಡಿದರು. ನಿನ್ನೆ ಮಿಕ್ಕಿದ್ದ ಪಾಯಸದ ಬಟ್ಟಲನ್ನು ಫ್ರಿಜ್ಜಿನಿಂದ ತಂದು, ಚಮಚದಲ್ಲಿ ಎತ್ತಿ ಹೆಂಡತಿಯ ಮುಖದೆದುರು ಹಿಡಿದರು. ಒಂದೆಳೆ ಶ್ಯಾವಿಗೆ ಹೊದಿಕೆಯ ಮೇಲೆ ಬಿತ್ತು.

"ಇಂದೂ, ಇದು ಶ್ಯಾವಿಗೆ ಪಾಯಸ. ನಿನಗಾಗೋಲ್ಲ ಇದು. ಯಾಲಕ್ಕಿ ವಾಸನೆ ಬರ್ತಿದೆಯಾ? ಬೇಕೇನೇ?"

"ಹಾಕಿ ರೀ."

"ಬೇಡ ಅನ್ನೇ. ನನಗೆ ಬೇಜಾರಾಗೋಲ್ಲ ಕಣೇ. ಎಸೆದುಬಿಡ್ತೀನಿ ಇದನ್ನ."

"ಒಂಚೂರು ಹಾಕಿ."

ಈಗ ಶಾಂಭವಿಗೆ ತಡೆದುಕೊಳ್ಳಲಾಗಲಿಲ್ಲ. ಅಕ್ಕನ ಎರಡೂ ಕೈಗಳನ್ನು ಎತ್ತಿ, ಚಿಕ್ಕಂದಿನಲ್ಲಿ ಎಲೆಗೆ ಅಡ್ಡ ಹಿಡಿಯುತ್ತಿದ್ದ ಹಾಗೆ, ಚಮಚಕ್ಕೆ ಅಡ್ಡವಾಗಿ ಹಿಡಿದಳು. ಕೈಗಳು ಭಾರವಾಗಿದ್ದವು, ಬಿಟ್ಟರೆ ಬೀಳುವಂತಿದ್ದವು. "ಹೀಗೆ ಹಿಡೀತಿದ್ದೆ ನೀನು," ಎಂದಳು. "ದೊಡ್ಡಮ್ಮ ಕೈ ಮೇಲೆ ಸುರಿದ್ರೂ ಬಿಡಲಿಲ್ಲ ನೀನು, ಊಟಾನೇ ಬಿಟ್ಟು ಎದ್ದುಹೋದೆ. ಅನ್ನು ಅಕ್ಕ. ಒಂದೇ ಒಂದು ಸಲ ಬೇಡ ಅನ್ನು. ನನಗೋಸ್ಕರ ಅನ್ನು. ನಿನ್ನ ದಮ್ಮಯ್ಯ."

"ಅನ್ನೇ ಇಂದೂ," ಎಂದರು ನಾಗಭೂಷಣ. "ಅನ್ನು ಅಂತಿದಾಳಲ್ಲ, ಅನ್ನೇ."

"ಅನ್ನು ಅಕ್ಕ. ಅನ್ನು."

"ಸರಿ," ಎಂದಿತು ಪೆಟ್ಟಿಗೆ, ಅದೇ ಶಾಂತ ಧ್ವನಿಯಲ್ಲಿ. "ಬೇಡ."

ನಾಗಭೂಷಣ ಚಮಚ ಬಿಟ್ಟು ಹೆಂಡತಿಯ ಹಣೆಗೆ ಹಣೆ ಹಚ್ಚಿದರು. "ಅಂದ್ಲಲ್ಲ ಶಾಂಭವಿ! ಬೇಡ ಅಂದ್ಲು! ಕೇಳಿಸ್ತಾ?" ಅವರು ನಗುತ್ತಿದ್ದರು, ಅಳುತ್ತಲೂ ಇದ್ದರು. "ಫೋನ್ ಮಾಡು ನಿಮ್ಮ ಸಾರ್‌ಗೆ. ಆಪರೇಷನ್ ನಿಲ್ಲಿಸು ಅನ್ನು. ನಮ್ಮ ಇಂದೂ ಬೇಡ ಅಂದಿದಾಳೆ ಅಂತ ಹೇಳು."

ಶಾಂಭವಿ ಪರದೆಯ ಕಡೆ ನೋಡಿದಳು. ಮೇಲಿನ ಗೆರೆ ಮಲಗಿದ ಹಾಗೇ ಇತ್ತು. ಕೆಳಗಿನದು, ಒತ್ತಾಯ ಮುಗಿಯಿತಲ್ಲ ಎಂಬ ನಿರಾಳದ ಗೆರೆ, ಮೆಲ್ಲಗೆ ಮೇಲೇರುತ್ತಿತ್ತು.

"ಹೇಳ್ತೀನಿ ಭಾವ," ಎಂದಳು. ಅಕ್ಕನ ಕೈಗಳನ್ನು ಹೊದಿಕೆಯ ಮೇಲೆ ಮೆತ್ತಗೆ ಇಳಿಸಿ, ಲ್ಯಾಪ್‌ಟಾಪ್ ಮುಚ್ಚಿದಳು. ಅಕ್ಕನನ್ನು ಇನ್ನು ಏನೊಂದನ್ನೂ ಕೇಳುವ ಧೈರ್ಯ ಅವಳಿಗಿರಲಿಲ್ಲ.